ಲಟ್ಟಣಿಗೆಗೆ ಸುತ್ತಿದ ಕ್ಲಚ್ ಕೇಬಲ್ ಕುರಿತು

ಮನೆಯಂಗಳ ದುರಸ್ತಿ ಮೇಲ್ವಿಚಾರಣಾ ಇಲಾಖೆ
ವಿಭಾಗೀಯ ಕಚೇರಿ, ಕಲಬುರಗಿ
ಸಂಖ್ಯೆ: ಮದುಮೇ/ಕ್ಲಚ್/ದಂಪತಿ/7

ಸುತ್ತೋಲೆ

ವಿಷಯ: ಕಾರಿನ ಕ್ಲಚ್ ಕೇಬಲನ್ನು ಮನೆಯಲ್ಲೇ ಮಾರ್ಪಡಿಸಿ ಹೆಂಡತಿಯ ಕೈಗೆ ಕೊಡುವ ಬಗ್ಗೆ.

ಉಲ್ಲೇಖ: 1) ಗಾಜಿಪುರ ನಿವಾಸಿ ಫಕ್ರುದ್ದೀನ್ ಅವರ ಹೇಳಿಕೆ.
2) ಅವರ ಪತ್ನಿ ಅಕ್ಬರಿ ಬೇಗಂ ಅವರ ಹೇಳಿಕೆ (ಮೊದಲನೆಯದಕ್ಕಿಂತ ಉದ್ದ).

ಕಮಲಾಪುರದಲ್ಲಿರುವ ಮಗಳು ಆಯೇಶಾಳ ಕೂಸಿಗೆ ರವಿವಾರ ಅಖೀಖಾ, ಅಂದರೆ ಮೊದಲ ಕೂದಲು ತೆಗೆಯುವ ಕಾರ್ಯ, ನಿಗದಿಯಾಗಿತ್ತು. ಆ ಹೊತ್ತಿನಲ್ಲಿ ಕೂಸು ಅಜ್ಜಿಯ ಮಡಿಲಲ್ಲೇ ಇರಬೇಕೆಂಬುದು ಆ ಮನೆಯ ವಾಡಿಕೆ. ಹಿಂದಿನ ದಿನ ಕಾರಿನ ಕ್ಲಚ್ ಕೇಬಲ್ ತುದಿಯಲ್ಲಿ ಹರಿದಿದ್ದರಿಂದ, ಮೆಕ್ಯಾನಿಕ್ ಬಳಿ ಹೋಗದೆ ಕೈಗೊಂಡ ಕ್ರಮಗಳನ್ನು ಪರಿಶೀಲಿಸಿ ಈ ಕೆಳಗಿನಂತೆ ಸೂಚಿಸಲಾಗಿದೆ.

1. ಹರಿದ ಕೇಬಲನ್ನು ಬಟ್ಟೆ ಒಣಗಿಸಲು ಕಟ್ಟತಕ್ಕದ್ದಲ್ಲ. ಕಟ್ಟಲೇಬೇಕಾದಲ್ಲಿ ಅಳತೆ ತೆಗೆದ ನಂತರ ಕಟ್ಟತಕ್ಕದ್ದು.

2. ಆ ಕೇಬಲಿನ ಮೇಲೆ ಹಾಕಿದ್ದ ಒದ್ದೆ ಬಟ್ಟೆ ಇಳಿಸಲು ಬೇಗಂ ಒಪ್ಪದ ಕಾರಣ, ಫಕ್ರುದ್ದೀನ್ ಅವರು ಪೈಜಾಮದ ಇಲಾಸ್ಟಿಕ್ಕಿನಿಂದ ಅಳತೆ ತೆಗೆದು ಅದನ್ನೇ ಅಂಗಡಿಗೆ ಒಯ್ದಿರುತ್ತಾರೆ. ಅಂಗಡಿಯವರು ಸೌಜನ್ಯದಿಂದ ಇನ್ನೊಂದು ತುದಿ ಹಿಡಿದು ಎಳೆದಿರುತ್ತಾರೆ. ಮನೆಗೆ ಬಂದ ಕೇಬಲ್ ಲಾರಿಗೆ ಸಾಲುವಷ್ಟಿತ್ತು. ಆದ್ದರಿಂದ ಇಲಾಸ್ಟಿಕ್ಕನ್ನು ಅಳತೆಯ ಸಾಧನವೆಂದು ಇನ್ನು ಮುಂದೆ ಪರಿಗಣಿಸಲಾಗುವುದಿಲ್ಲ.

3. ಪೆಡಲಿಗೆ ಹೊಂದದ ಉದ್ದನೆಯ ತುದಿಯನ್ನು ಡ್ಯಾಶ್‌ಬೋರ್ಡಿನ ಕೆಳಗಿನಿಂದ ಎಡಗಡೆಯ ಮುಂದಿನ ಸೀಟಿಗೆ ತಂದು, ಲಟ್ಟಣಿಗೆಗೆ ಸುತ್ತಿ, ಬೇಗಂ ಅವರ ಎರಡೂ ಕೈಗಳಿಗೆ ವಹಿಸಲಾಯಿತು. ಗಂಡ "ಖೀಂಚೋ" ಎಂದಾಗ ಹೆಂಡತಿ ಎಳೆಯುವುದು, ಗಂಡ ಗೇರ್ ಬದಲಿಸುವುದು. ಸದರಿ ವ್ಯವಸ್ಥೆಯು ನಗರದ ಮಿತಿಯೊಳಗೆ ತೃಪ್ತಿಕರವಾಗಿ ನಡೆದಿದೆಯೆಂದು ಇಲಾಖೆಯು ವಿಷಾದದಿಂದ ಒಪ್ಪಿಕೊಳ್ಳುತ್ತದೆ.

4. ಇಂಥ ವಾಹನದಲ್ಲಿ ಜಗಳವಾಡಬಯಸುವವರು ನಾಲ್ಕನೇ ಗೇರಿಗೆ ಬಂದ ತರುವಾಯ ಆರಂಭಿಸತಕ್ಕದ್ದು. ಫಕ್ರುದ್ದೀನ್ ಅವರು ಎರಡನೇ ಗೇರಿನಲ್ಲಿರುವಾಗಲೇ "ನಿನ್ನ ತಮ್ಮ ಕೊಡಿಸಿದ ಡಬ್ಬಾ ಇದು" ಎಂದಿರುತ್ತಾರೆ. ಬೇಗಂ ಲಟ್ಟಣಿಗೆಯನ್ನು ಕಾಲ ಬಳಿ ಇಟ್ಟು ಕಿಟಕಿಯ ಹೊರಗಿನ ತೊಗರಿ ಹೊಲಗಳನ್ನು ನೋಡತೊಡಗಿರುತ್ತಾರೆ.

5. ಎರಡನೇ ಗೇರಿನಲ್ಲೇ ಕಮಲಾಪುರದತ್ತ ಸಾಗುವ ಕಾರನ್ನು ಹಿಂದೆ ಹಾಕುವ ಟ್ರ್ಯಾಕ್ಟರ್ ಚಾಲಕರು ಮೌನ ಪಾಲಿಸತಕ್ಕದ್ದು. ಬಾಳೆಗೊನೆ ಹೇರಿಕೊಂಡು ಹೊರಟಿದ್ದ ದೌಲಪ್ಪ ಎಂಬುವರು "ಚಾಚಾ, ಎತ್ತು ಹೂಡಿ ಕೊಡ್ಲೇನ್ರಿ? ನಮ್ಮನ್ಯಾಗ ಒಂದ್ ಜೋಡಿ ಖಾಲಿನೇ ನಿಂತಾವ" ಎಂದು ಕೇಳಿದ್ದು, ಬೇಗಂ ಅವರು "ಒಂದೇ ಎತ್ತು ಸಾಕಪ್ಪಾ, ಇನ್ನೊಂದು ಇಲ್ಲೇ ಕುಂತದ" ಎಂದು ಉತ್ತರಿಸಿದ್ದು ದಾಖಲಾಗಿದೆ.

6. ಕ್ಲಚ್ ಎಳೆಯದೆ ಬ್ರೇಕ್ ಒತ್ತಿದರೆ ಬೀಗರೆದುರು ಕಾರು ಕುಪ್ಪಳಿಸಿ ಮಾನ ಹೋಗುತ್ತದೆಂದು ಫಕ್ರುದ್ದೀನ್ ಅವರು ಬೀಗರ ಓಣಿಯನ್ನೇ ಸುತ್ತತೊಡಗಿದರು. ಅಂಗಳದಲ್ಲಿ ಕ್ಷೌರದವನು, "ನನಗ ಇನ್ನೊಂದ್ ಮನಿಗಿ ಹೋಗೋದದರಿ" ಎಂದು ಅವಸರಪಡಿಸುತ್ತಿದ್ದನು.

"ನಮ್ಮ ಅಮ್ಮೀ ಬರ್ಲಾರ್ದ ಕೂದಲಕ್ಕ ಕೈ ಹಚ್ಚಬ್ಯಾಡ್ರಿ," ಎಂದು ಆಯೇಶಾ.

"ಬಂದಿದ್ರಲ್ರೀ ಅವ್ವಾ! ಎರಡ್ ಸಲ ಮುಂದೇ ಹಾದು ಹ್ವಾದ್ರು!"

ಅವನು ಕತ್ತರಿ ಎತ್ತಿಕೊಂಡದ್ದನ್ನು ಮೂರನೇ ಸುತ್ತಿನಲ್ಲಿ ಕಂಡ ಫಕ್ರುದ್ದೀನ್ ಅವರು ಬೀಗರಿಗೆಲ್ಲ ಕೇಳುವಂತೆ "ತುಮಾರಾ ಭಾಯಿ ಭೌತ್ ಅಚ್ಛಾ ಆದ್ಮಿ! ಅಬ್ ಖೀಂಚೋ!" ಎಂದು ಕೂಗಿದರು. ಬೇಗಂ ಎಳೆದರು. ಕಾರು ನಿಂತಿತು. ಹೆಂಡತಿಯ ತಮ್ಮನನ್ನು ಬಹಿರಂಗವಾಗಿ ಹೊಗಳುವುದನ್ನು ಈ ವರ್ಗದ ವಾಹನಗಳಿಗೆ ಅಧಿಕೃತ ನಿಲುಗಡೆ ಸಂಕೇತವೆಂದು ಈ ಮೂಲಕ ಮಾನ್ಯ ಮಾಡಲಾಗಿದೆ.

7. ಸರಿಯಾದ ಅಳತೆಯ ಕೇಬಲ್ ಹಾಕಿಸುವಂತೆ ಆದೇಶಿಸಲಾಗಿ, ಬೇಗಂ ಅವರು "ಹಾಕಸ್ಲಿ ಬಿಡ್ರಿ. ಆದ್ರ ಇಷ್ಟ್ ವರ್ಷ ನನಗ ಹಿಂದಿನ ಸೀಟಿನ್ಯಾಗ ಬುತ್ತಿ ಡಬ್ಬಿ ಜೋಡಿ ಕುಂದ್ರಸ್ಯಾರ. ಇನ್ನ ನಾ ಮುಂದೇ ಕೂಡಾಕಿ" ಎಂದು ಆಕ್ಷೇಪಣೆ ಸಲ್ಲಿಸಿದ್ದಾರೆ. ಇದನ್ನು ತಿರಸ್ಕರಿಸುವ ಅಧಿಕಾರ ಇಲಾಖೆಗಾಗಲಿ ಗಂಡನಿಗಾಗಲಿ ಇರುವುದಿಲ್ಲ.

ಸಹಿ/-
(ಅಂಜನಾ)
ಅಧೀಕ್ಷಕರು, ಕ್ಲಚ್ ಮತ್ತು ಕೌಟುಂಬಿಕ ಶಾಖೆ

ಪ್ರತಿಗಳು:
1. ಫಕ್ರುದ್ದೀನ್: ಪಾಲನೆಗಾಗಿ.
2. ಅಕ್ಬರಿ ಬೇಗಂ: ಮೊದಲನೆಯವರು ಪಾಲಿಸುತ್ತಿದ್ದಾರೆಯೇ ಎಂದು ನೋಡುವುದಕ್ಕಾಗಿ.
3. ಬೇಗಂ ಅವರ ತಮ್ಮ: ಹೆಮ್ಮೆ ಪಡಬಹುದು, ಇನ್ನೊಂದು ಕಾರು ಕೊಡಿಸತಕ್ಕದ್ದಲ್ಲ.
4. ಕೂಸು: ತಲೆ ಬೋಳಿಸಿಕೊಂಡು ಅಜ್ಜಿಯ ಮಡಿಲಲ್ಲಿ ನಿದ್ರಿಸುತ್ತಿರುವುದರಿಂದ, ಎಚ್ಚರವಾದ ಮೇಲೆ ತಲುಪಿಸತಕ್ಕದ್ದು.