ಒಂದು ಮೊಣಕಾಲು, ನಾಲ್ಕು ವೆಬ್‌ಸೈಟು

೧. ಕೊರಟಗೆರೆ

ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ಕೊರಟಗೆರೆಯ ಹೋಟೆಲಿನಲ್ಲಿ ಲ್ಯಾಪ್‌ಟಾಪ್ ತೆರೆದು, ಊಟದ ದರ ಬದಲಾಯಿಸುವುದನ್ನು ಮಾಲೀಕರಿಗೆ ತೋರಿಸಲು ಕೂತೆ. ಅವರ ವೆಬ್‌ಸೈಟ್ ಮಾಡಿಕೊಟ್ಟವನು ನಾನು. ಹಿಂದೆ ಟೈಪಿಂಗ್ ಕಲಿಸುತ್ತಿದ್ದವನಾದ್ದರಿಂದ ಎಲ್ಲರಿಗೂ ಮೇಷ್ಟ್ರು. ತಿದ್ದುವುದು ಕಣ್ಣೆದುರೇ ಆಗಬೇಕೆಂದು ಎಲ್ಲರ ಹಠ; ದೋಸೆಯ ದರ ಏರಿದರೂ ಮಧುಗಿರಿಯಿಂದ ನಾನೇ ಬಸ್ಸು ಹತ್ತಬೇಕು. ಮುಂದಿನ ತಿಂಗಳು ನನ್ನ ಮೊಣಕಾಲಿಗೆ ಆಪರೇಷನ್. ಆಮೇಲೆ ಆರು ತಿಂಗಳು ಬಸ್ಸು ಹತ್ತಕೂಡದೆಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ನನ್ನ ನಾಲ್ಕೂ ಗಿರಾಕಿಗಳು ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಾಗಬೇಕಿತ್ತು.

ಮಾಲೀಕರು ಕೈ ಕಟ್ಟಿಕೊಂಡು ಕೂತರು.

"ಈಗ ಗುಳಿಕ ಕಾಲ ಮೇಷ್ಟ್ರೇ. ಮುಟ್ಟಂಗಿಲ್ಲ."

"ಮುಟ್ಟಿದ್ರೆ ಏನಾಗುತ್ತೆ?"

"ಗುಳಿಕದಾಗೆ ಮಾಡಿದ ಕೆಲ್ಸನ ಮತ್ತೆ ಮತ್ತೆ ಮಾಡ್ಬೇಕಾಗುತ್ತೆ."

"ನಾನು ಕಲಿಸೋಕೆ ಬಂದಿರೋದೇ ಅದನ್ನ."

ಅವರು ನಗಲಿಲ್ಲ. ಒಂದೂವರೆ ಕಳೆಯಲಿ ಎಂದರು. ಒಂದೂವರೆಗೆ ಊಟದ ಜನ ತುಂಬಿತು. ಜನ ಖಾಲಿಯಾಗುವಾಗ ಮೂರು ಗಂಟೆ, ರಾಹುಕಾಲ. ಕೊನೆಗೆ ದರವನ್ನು ನಾನೇ ತಿದ್ದಿದೆ. ಅದಕ್ಕೆ ಅವರ ಅಭ್ಯಂತರ ಇರಲಿಲ್ಲ. ಕೆಟ್ಟದ್ದಾದರೆ ನನಗೆ ತಾನೇ.

೨. ಶಿರಾ

ಮರದ ಸಾಮಾನಿನ ಅಂಗಡಿಯ ಸಾಹೇಬರು ಫೋಟೋ ಹಾಕುವುದನ್ನು ಒಂದೇ ಗಂಟೆಯಲ್ಲಿ ಕಲಿತರು. ತೆಗೆಯುವುದಕ್ಕೆ ಮಾತ್ರ ಒಪ್ಪಲಿಲ್ಲ.

"ಮಾರಿದ ಬೀರುವಿನ ಫೋಟೋ ಅಳಿಸ್ರಿ" ಎಂದೆ.

"ಅರೇ, ಮಾರಾಟ ಆಗಿದ್ದನ್ನ ಅಳಿಸಿದ್ರೆ ಬರ್ಕತ್ ಹೋಗ್ತದೆ ಮೇಷ್ಟ್ರೇ. ಇರ್ಲಿ ಬುಡಿ."

ಹೀಗಾಗಿ ಅವರ ವೆಬ್‌ಸೈಟಿನಲ್ಲಿ ಇರುವುದೆಲ್ಲ ಅಂಗಡಿಯಲ್ಲಿ ಇಲ್ಲದ್ದು. ಮಿಡಿಗೇಶಿಯವರೊಬ್ಬರು ಮಗಳ ಮದುವೆಗೆ ಆ ಬೀರುವೇ ಬೇಕೆಂದು ಬಂದರು. ಸಾಹೇಬರು ಅದನ್ನು ಕೊಂಡವರ ಮನೆ ವಿಳಾಸ ಬರೆದುಕೊಟ್ಟರು. "ಹೋಗಿ ಕಣ್ಣಾರೆ ನೋಡ್ಕೊಂಡು ಬನ್ನಿ. ಅಂಥದ್ದೇ ಮಾಡಿಸ್ಕೊಡ್ತೀನಿ."

ಆಮೇಲೆ ಬಂದವರನ್ನೂ ಹಾಗೇ ಕಳಿಸಿದರು. ವೆಬ್‌ಸೈಟಿನ ಕೆಳಗಿರುವುದು ನನ್ನ ನಂಬರು. ಬೀರು ಕೊಂಡಾಕೆ ನನಗೇ ಫೋನು ಮಾಡಿದರು.

"ಬೆಳಗ್ಗೆಯಿಂದ ಮೂರು ಜನ ಬಂದು ಬಾಗಿಲು ತೆಗ್ದು ನೋಡಿ ಹೋದ್ರು. ಒಳಗೆ ನನ್ನ ಸೀರೆ ಅವೆ ಕಣ್ರೀ!"

೩. ಮಧುಗಿರಿ

ನಮ್ಮೂರಿನ ಬೇಕರಿಯವರು ಒಂದು ವಾರ ತಿರುಪತಿಗೆ ಹೊರಟಿದ್ದರು. ಅಂಗಡಿ ಮುಚ್ಚಿದೆ ಎಂದು ವೆಬ್‌ಸೈಟಿನಲ್ಲಿ ಬರೆಯಿರಿ, ಕಲಿತಂತೆಯೂ ಆಯಿತು ಎಂದೆ.

"ಬಿಡ್ತು ಅನ್ರೀ! ನಡೆಯೋ ಅಂಗಡೀನ ಮುಚ್ಚೈತೆ ಅಂತ ನನ್ನ ಕೈಯಾರೆ ಬರೀಲಾ?"

"ಮತ್ತೇನು ಬರೀತೀರಿ?"

ಒಂದೊಂದೇ ಅಕ್ಷರ ಹುಡುಕಿ ಅರ್ಧ ಗಂಟೆಯಲ್ಲಿ ಬರೆದರು: "ಸದಾ ತೆರೆದಿರುತ್ತದೆ." ಬರೆದು, ಬೀಗ ಹಾಕಿಕೊಂಡು ಹೋದರು.

೪. ಪಾವಗಡ

ಕ್ಯಾತಗಾನಚೆರ್ಲು ಕಡೆಯ ಸೋಲಾರ್ ಕೆಲಸಗಾರರಿಗೆ ಊಟ ಹಾಕುವ ಮೆಸ್ಸಿನ ಅಮ್ಮ ಒಬ್ಬರೇ ಪೂರ್ತಿ ಕಲಿತದ್ದು. ಅಂದಂದಿನ ಸಾರು, ಪಲ್ಯವನ್ನು ಬೆಳಗ್ಗೆಯೇ ತಾವಾಗಿ ಹಾಕುತ್ತಿದ್ದರು. ಆಕೆಯ ವೆಬ್‌ಸೈಟನ್ನು ದಿನಾ ನೋಡಿ ಕಲಿಯಿರಿ ಎಂದು ಉಳಿದ ಮೂವರಿಗೂ ಹೇಳಿ ಆಪರೇಷನ್ನಿಗೆ ಹೋದೆ.

ಆಸ್ಪತ್ರೆಯಿಂದ ಬಂದ ಮೂರನೇ ದಿನ ಆಕೆಯ ಫೋನು.

"ಸಾರ್, ನಿಮ್ಮ ಫೋಟೋ ಹಾಕಿದೀನಿ, ಚೂಡಂಡಿ!"

ನೋಡಿದೆ. ಮೊದಲ ಪುಟದಲ್ಲೇ ನಾನು. ಸುತ್ತ ಚೆಂಡುಹೂವಿನ ಹಾರ, ಎರಡು ಪಕ್ಕ ದೀಪ. ಕೆಳಗೆ "ನಮ್ಮ ಗುರುಗಳು".

"ಹಾರ ಯಾಕಮ್ಮ?"

"ಮೆಸ್ಸಿನಾಗೆ ದೊಡ್ಡೋರ ಫೋಟೋಕ್ಕೆಲ್ಲ ಹಾರ ಐತಲ್ಲ ಸಾರ್, ನಮ್ಮ ಮಾವಂದು, ಅತ್ತೇದು. ನಿಮ್ದೊಂದು ಬೋಳಾಗಿ ಕಾಣ್ತಿತ್ತು."

"ಅವರು ಸತ್ತಿದ್ದಾರೆ."

"ಅಯ್ಯೋ ದೇವುಡಾ!"

ಕೂಡಲೇ ತೆಗೆದರು. ಆದರೆ ಉಳಿದ ಮೂವರು ಅಂದೇ ಮೊದಲ ಸಲ ನನ್ನ ಮಾತು ಕೇಳಿ ಬೆಳಗ್ಗೆಯೇ ಅದನ್ನು ನೋಡಿಬಿಟ್ಟಿದ್ದರು.

ಮಧ್ಯಾಹ್ನ ಮೂವರೂ ಮನೆ ಬಾಗಿಲಿಗೆ ಬಂದರು. ಸಾಹೇಬರ ಕೈಯಲ್ಲಿ ಹೂವಿನ ಹಾರ. ನಾನು ಒಳಕೋಣೆಯಲ್ಲಿ ಮಂಚದ ಮೇಲಿದ್ದೆ. ಹೆಂಡತಿ ಬಾಗಿಲು ತೆಗೆದಳು. ಹೋಟೆಲಿನವರು ಚಪ್ಪಲಿ ಬಿಟ್ಟು ಮುಂದೆ ಬಂದರು.

"ಅಮ್ಮಾ, ಹೋಗೋಕ್ ಮುಂಚೆ ಪಾಸ್‌ವರ್ಡ್ ಏನಾದ್ರೂ ಹೇಳಿದ್ರಾ?"

"ಇಲ್ಲೇ ಇದೀನಿ, ಬನ್ನಿ" ಎಂದು ಕೂಗಿದೆ.

ಬಂದರು. ಕಾಫಿ ಕುಡಿದರು. ಮೂವರ ವೆಬ್‌ಸೈಟನ್ನೂ ಮಲಗಿಕೊಂಡೇ ತಿದ್ದಿಕೊಟ್ಟೆ.