ಮರೆಹಲಗೆಯ ಹೆಂಗಸು

ಅಗ್ಗಿಷ್ಟಿಕೆಯಿಂದ ಹಾರಿದ ಒಂದು ಕಿಡಿ ಒಂಟಿಜೀವಿ ಅಂಚೆ ಗುಮಾಸ್ತನ ಹೊಸ ಪ್ಯಾಂಟಿಗೆ ಕಿಟಕಿ ಕೊರೆದುಬಿಟ್ಟಿತು. ಆ ಸಂಕಟಕ್ಕೆ ಅವನು ಹಳೇ ಸಾಮಾನಿನ ಅಂಗಡಿಯಿಂದ ಬೆಂಕಿಗೆ ಅಡ್ಡ ನಿಲ್ಲಿಸುವ ಮರೆಹಲಗೆ ತಂದ. ಹಿಂಬದಿಗೆ ತಗಡು, ಮುಂಬದಿಗೆ ಕೂತು ಹೆಣಿಗೆ ಹಾಕುವ ಹೆಂಗಸಿನ ಚಿತ್ರ, ನಿಜವಾದ ಆಳಿನಷ್ಟೇ ದೊಡ್ಡದು, ಅವಳ ಆಕಾರಕ್ಕೇ ಕೊಯ್ದದ್ದು.

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ಕಿಟಕಿಯಲ್ಲಿ ಇಣುಕಿದರು.

"ಯಾರಪ್ಪಾ ಒಳಗೆ ಕೂತಿರೋದು? ನಮಗೊಂದು ಮಾತು ಹೇಳ್ಬಾರ್ದಾ?"

ಗುಮಾಸ್ತ ನಿಜ ಹೇಳಲೆಂದೇ ಬಾಯಿ ತೆರೆದ. ಆದರೆ ಅವನ ಮನೆಯ ವಿಚಾರ ಯಾರಾದರೂ ಕೇಳಿ ವರ್ಷಗಳೇ ಆಗಿದ್ದವು. "ಸ್ವಲ್ಪ ನಾಚಿಕೆ ಸ್ವಭಾವ, ಅಜ್ಜಿ," ಎಂದುಬಿಟ್ಟ.

ಗುಮಾಸ್ತನಿಗೆ ಮದುವೆಯಾಯಿತೆಂಬ ಸುದ್ದಿ ಅವನಿಗಿಂತ ಮೊದಲೇ ಅಂಚೆ ಕಚೇರಿ ಮುಟ್ಟಿತ್ತು. ಅವನ ಪಕ್ಕದ ಕುರ್ಚಿಗೆ ಇಷ್ಟು ದಿನ ಕೊಡೆ ನೇತುಹಾಕಿ ಹೋಗುತ್ತಿದ್ದವರು ಇಂದು ಅದೇ ಕುರ್ಚಿಯಲ್ಲಿ ಕೂತು ಟೀ ಕುಡಿದರು.

"ಜಗಳ ಗಿಗಳ ಆಡ್ತಾಳೇನಯ್ಯಾ?" ಎಂದರು ಪೋಸ್ಟ್‌ಮಾಸ್ಟರು.

"ಇನ್ನೂ ಬಾಯೇ ಬಿಟ್ಟಿಲ್ಲ ಸಾರ್."

"ಪುಣ್ಯವಂತ ಕಣೋ ನೀನು!"

ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಇಡೀ ಬೀದಿಯೇ ನಿಂತಿತ್ತು.

"ಅವಳಿಗೆ ಮೈ ಹುಷಾರಿಲ್ಲ," ಎಂದು ತಡವರಿಸಿದ.

"ಹಾಗಾದ್ರೆ ನೋಡ್ಲೇಬೇಕು!" ಅಜ್ಜಿ ನುಗ್ಗಿಯೇಬಿಟ್ಟರು. "ಏನಮ್ಮಾ, ಚೆನ್ನಾಗಿದ್ದೀಯಾ?" ಎಂದು ಹೆಗಲ ಮೇಲೆ ಕೈಯಿಟ್ಟದ್ದೇ ತಡ, ಬೀದಿಯ ಹೊಸ ಸೊಸೆ ಧಡಾರನೆ ಅಂಗಾತ ಬಿದ್ದಳು.

ಬಗ್ಗಿ ನೋಡಿದರೆ ಬರೀ ಬಣ್ಣದ ಹಲಗೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಒಬ್ಬೊಬ್ಬರಾಗಿ ಹೊರಬಿದ್ದರು. ಬೀದಿಯ ಕೊನೆಯವರೆಗೂ ಆ ನಗು ಅವನಿಗೆ ಕೇಳಿಸುತ್ತಿತ್ತು.

ಒಬ್ಬರು ಮಾತ್ರ ನಗದೆ ಉಳಿದಿದ್ದರು: ಎದುರುಮನೆಯ ಹೊಲಿಗೆ ಟೀಚರ್. ಅವರನ್ನು ಟೀಗೆ ಕರೆಯಬೇಕೆಂದು ಎಷ್ಟೋ ಚಳಿಗಾಲಗಳಿಂದ ಗುಮಾಸ್ತ ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡು ಬಂದಿದ್ದ. ಕಳೆದುಕೊಳ್ಳಲು ಇನ್ನು ಮಾನವೇ ಉಳಿದಿಲ್ಲವೆಂಬ ಧೈರ್ಯದಲ್ಲಿ, "ಒಂದು ಲೋಟ ಟೀ ಕುಡೀತೀರಾ?" ಎಂದ.

ಟೀಚರ್ ಅವನನ್ನೇ ನೋಡಿದರು. "ಇದನ್ನ ನಿನ್ನೆ ಕೇಳಿದ್ರೆ ಏನಾಗ್ತಿತ್ತು? ನಿಮಗೆ ಮದುವೆ ಆಯ್ತು ಅಂತ ಅಜ್ಜಿ ಹೇಳಿದ್ರು. ಇನ್ನು ಯಾರಿಗೋಸ್ಕರ ಕಾಯೋದು ಅಂತ ಮಧ್ಯಾಹ್ನ ಅಣ್ಣ ನೋಡಿದ್ದ ಸಂಬಂಧಕ್ಕೆ ಹೂಂ ಅಂದ್ಬಿಟ್ಟೆ."

ಟೀಚರ್ ಬಗ್ಗಿ ಹಲಗೆಯನ್ನು ಎತ್ತಿ ನಿಲ್ಲಿಸಿ, ಅದರ ಮುಖದ ಧೂಳನ್ನು ಸೆರಗಿನಿಂದ ಒರೆಸಿದರು.

"ಚೆನ್ನಾಗಿದೆ. ನಾನು ಹೋಗೋ ಮನೇಲೂ ಅಗ್ಗಿಷ್ಟಿಕೆ ಇದೆಯಂತೆ. ಇಂಥದ್ದು ಎಲ್ಲಿ ಸಿಗುತ್ತೆ?"

"ಅಂಗಡೀಲಿ ಇದೊಂದೇ ಇದ್ದಿದ್ದು. ತಗೊಂಡು ಹೋಗಿ."

ಅವರಿಗೆ ಭಾರವಾದೀತೆಂದು ತಾನೇ ಹಲಗೆಯನ್ನು ಹೊತ್ತು, ಟೀಚರ್ ಹಿಂದೆ ರಸ್ತೆ ದಾಟಿ, ಅವರ ಬಾಗಿಲಲ್ಲಿ ಹುಷಾರಾಗಿ ಇಳಿಸಿದ.