ಕಾಕಾ ಮತ್ತು ವೇಲ್ಸಿನ ನೀರು

ನಮ್ಮ ಕಾಕಾನಿಗೆ ವೇಲ್ಸ್ ದೇಶದ ಒಂದು ಹಳ್ಳಿಯ ಗಲ್ಲಿಗಲ್ಲಿಯೂ ಗೊತ್ತು. ಯಾವ ಹೋಟೆಲಿನ ಬಾಜು ಯಾವ ಬಾವಿ, ಯಾವ ಮುದುಕಿಗೆ ಎಡ ಮೊಣಕಾಲು ನೋವು, ಎಲ್ಲ ಬಾಯಿಪಾಠ. ಅಲ್ಲಿಗೆ ಹೋಗಿದ್ದಾನೆಯೇ? ಛೇ! ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲೇ ದಾರಿ ತಪ್ಪುವ ಆಸಾಮಿ!

ನವಲಗುಂದದ ರದ್ದಿ ಅಂಗಡಿಯಲ್ಲಿ ಅವನಿಗೊಂದು ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಆ ಹಳ್ಳಿಯ ಚರಿತ್ರೆ, ಅಲ್ಲಿಯ ಮುದುಕರ ನೆನಪುಗಳು. ಒಂದು ಕಾಲಕ್ಕೆ ಅಲ್ಲಿಯ ನಾರುವ ಬಾವಿನೀರು ಕುಡಿದರೆ ಕೀಲುನೋವು ಹೋಗುತ್ತದೆಂದು ಜನ ರೈಲು ತುಂಬಿ ಬರುತ್ತಿದ್ದರಂತೆ. ಬ್ಯಾಂಡು ಬಾರಿಸುತ್ತಿದ್ದರೆ ಇವರು ಮೂಗು ಹಿಡಿದು ಗ್ಲಾಸು ಎತ್ತುತ್ತಿದ್ದರಂತೆ! ನಿವೃತ್ತ ಇಂಗ್ಲಿಷ್ ಮಾಸ್ತರನಾದ ಕಾಕಾ ಪುಸ್ತಕ ಮುಗಿಸಿದವನೇ ನೆಟ್ಟಗೆ ನಮ್ಮೂರ ಸವಳು ಬಾವಿಗೆ ನಡೆದ. ಎಮ್ಮೆಗಳೂ ಮೂಸಿ ಮುಖ ತಿರುಗಿಸುವ ನೀರದು.

"ಲೇ, ಇದು ಔಷಧ! ಇಷ್ಟು ದಿನ ಭಾಂಡಿ ತಿಕ್ಕಿ ಹಾಳು ಮಾಡಿದ್ವಿ!" ಎಂದ.

ಅಂದಿನಿಂದ ಮನೆಗೆ ಬಂದವರಿಗೆ ಬೆಲ್ಲದ ಜೊತೆ ಅದೇ ನೀರು. ಬೀಗರು ಒಮ್ಮೆ ಕುಡಿದರು. ಮುಂದಿನ ಸಲ ತಮ್ಮ ನೀರಿನ ಬಾಟಲಿ ತಾವೇ ತಂದರು.

ಪುಸ್ತಕದಲ್ಲಿ ನೆನಪುಗಳಿದ್ದ ಮೇಲೆ ನಮ್ಮ ಬಾವಿಗೂ ಬೇಡವೇ? ನೋಟುಬುಕ್ಕು ಹಿಡಿದು ಓಣಿಯ ಹಿರಿಯಜ್ಜಿಯ ಮುಂದೆ ಕೂತ.

"ಏನ್ ನೆನಪ್ರಿ ಮಾಸ್ತರ? ಈ ನೀರಾಗ ಬ್ಯಾಳಿ ಇಟ್ರ ಸಂಜಿತನಾ ಬೇಯ್ತಿದ್ದಿಲ್ಲ. ಅತ್ತಿ ನನಗ ಬೈತಿದ್ಲು!"

ಕಾಕಾ ಭಕ್ತಿಯಿಂದ ಬರೆದುಕೊಂಡ: 'ಬೇಳೆ ಬೇಯದು. ಅತ್ತೆಯ ಬೈಗುಳ.'

ಅಷ್ಟರಲ್ಲಿ ಊರಿಗೆ ನಳದ ನೀರು ಬಂತು. ಬಾವಿ ಮುಚ್ಚಿ ಬಸ್ ತಂಗುದಾಣ ಕಟ್ಟಲು ಪಂಚಾಯ್ತಿ ಠರಾವು ಮಾಡಿತು. ಕಾಕಾ ಹೋಗಿ ಪುಸ್ತಕದ ಎರಡು ಪುಟ ಇಂಗ್ಲಿಷಿನಲ್ಲೇ ಓದಿದ. ಸದಸ್ಯರು ಗೌರವದಿಂದ ಕೇಳಿದರು, ಚಹಾ ತರಿಸಿದರು, ಠರಾವು ಹಾಗೆಯೇ ಇಟ್ಟರು.

ಜೆಸಿಬಿ ಬಂದ ದಿನ ಕಾಕಾ ಪುಸ್ತಕ ಹಿಡಿದು ಬದಿಗೆ ನಿಂತಿದ್ದ. ಯಂತ್ರದ ಮುಂದೆ ಹೋಗಿ ನಿಂತವಳು ಅವನ ಹೆಂಡತಿ, ನಮ್ಮ ಕಾಕು! ದಿನಾ ಮುಂಜಾನೆ ಗಂಡ ಕೊಟ್ಟ ಆ ನೀರನ್ನು ಕಣ್ಣು ಮುಚ್ಚಿ ನುಂಗಿದವಳು.

ಪಂಚಾಯ್ತಿ ಅಧ್ಯಕ್ಷ ಕಂಗಾಲಾದ. "ನಿಮಗೂ ಈ ನೀರು ಬೇಕೇನ್ರಿ ಕಾಕು?"

"ನೀರಿಗೆ ಬೆಂಕಿ ಹಚ್ರಿ! ಕುಡದ ಮ್ಯಾಲ ಗಂಡ-ಹೆಂಡತಿ ಜೋಡಿಲೆ ಅಡ್ಡಾಡಬೇಕಂತ ಆ ಪುಸ್ತಕದಾಗ ಬರದಾರಂತ. ಲಗ್ನ ಆದಾಗಿಂದ ಹತ್ತು ಹೆಜ್ಜಿ ಮುಂದ ಹೋಗವ್ರು ಇವರು. ಈಗ ಎರಡು ವರ್ಷ ಆತು, ನನ್ನ ಬಾಜೂಕ ನಡೀತಾರ. ನಾಳಿಂದ ಯಾವ ನೆವ ಹೇಳ್ಲಿ?"

ಕಾಕಾ ಪುಸ್ತಕವನ್ನು ಬಗಲಿಗೆ ಸೇರಿಸಿ ಜೆಸಿಬಿಯವನಿಗೆ, "ಮುಚ್ಚಪಾ," ಎಂದ.

ಆಮೇಲೆ ಕಾಕುಗೆ, "ಬಾ, ಹೋಗೂಣು," ಎಂದು ಎರಡು ಹೆಜ್ಜೆ ನಡೆದು, ಅವಳು ಸಮಕ್ಕೆ ಬರುವವರೆಗೂ ನಿಂತ.